ಅಮ್ಮನನ್ನು ಕೋಚ್ ಎಂದು ಕರೆದವನು

ಅವನು ಆಟ ಪೂರ್ತಿ ಬಿಟ್ಟನಂತೆ. ಕಳೆದ ತಿಂಗಳು ಊಟದ ಹೊತ್ತಿನಲ್ಲಿ ಮಗಳು ಫೋನ್ ನೋಡುತ್ತ ಹೇಳಿದಳು. ಈಗ ಚಿಕಾಗೋದ ಹೊರವಲಯದ ಯಾವುದೋ ಹೈಸ್ಕೂಲಿನಲ್ಲಿ ಹುಡುಗರಿಗೆ ಅಮೆರಿಕನ್ ಫುಟ್‌ಬಾಲ್ ಹೇಳಿಕೊಡುತ್ತಾನಂತೆ. ಅಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ಒಳ್ಳೆಯದಾಯಿತು, ಅವನಿಗೆ ಹೇಳಿಕೊಡುವ ಗುಣವಿದೆ ಎಂದಳು. ನಾನು ತುಪ್ಪ ತರುವ ನೆಪದಲ್ಲಿ ಎದ್ದೆ. ಅವನ ಸುದ್ದಿ ಬಂದಾಗಲೆಲ್ಲ ನನಗೆ ಒಳಗಿನಿಂದ ಏನಾದರೂ ತರುವುದಿರುತ್ತದೆ.

ಅವನ ಹೆಸರು ಬರೆಯುವುದಿಲ್ಲ. ಟಿವಿಯಲ್ಲಿ ಬರುವ ದೊಡ್ಡ ಲೀಗಿನ ಆಟಗಾರನೇನಲ್ಲ ಅವನು. ಅದಕ್ಕಿಂತ ಎಷ್ಟೋ ಮೆಟ್ಟಿಲು ಕೆಳಗೆ, ಡೆಟ್ರಾಯಿಟ್‌ನಿಂದ ಚಿಕಾಗೋವರೆಗಿನ ಸಣ್ಣ ಊರುಗಳು ವಸಂತಕಾಲದಲ್ಲಿ ಆಡಿಕೊಳ್ಳುವ ಒಂದು ಲೀಗಿತ್ತು, ಅದರಲ್ಲಿ ಅವನು ಕ್ವಾರ್ಟರ್‌ಬ್ಯಾಕ್. ಅಂದರೆ ಚೆಂಡು ಮೊದಲು ಬರುವುದು ಇವನ ಕೈಗೆ. ಎದುರಾಳಿಗಳು ಇವನನ್ನು ನೆಲಕ್ಕೆ ಕೆಡವಲು ನುಗ್ಗಿ ಬರುತ್ತಿರುವಾಗಲೇ ಯಾರಿಗೆ ಎಸೆಯಬೇಕೆಂದು ನಿರ್ಧರಿಸಿ ಎಸೆಯಬೇಕು. ನುಗ್ಗುವವರನ್ನು ತಡೆಯಲು ಇವನ ಮುಂದೆ ಬೀರುವಿನಂಥ ಆಳುಗಳ ಒಂದು ಸಾಲಿರುತ್ತದೆ. ಇಷ್ಟು ಗೊತ್ತಿದ್ದರೆ ಈ ಕಥೆಗೆ ಸಾಕು. ನನಗೂ ಇದಕ್ಕಿಂತ ಹೆಚ್ಚು ಗೊತ್ತಿಲ್ಲ.

ಆ ಲೀಗಿನ ಸಂಬಳದಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲವಾದ್ದರಿಂದ ವಾರದ ದಿನಗಳಲ್ಲಿ ಶಾಲೆಗಳಿಗೆ ಬದಲಿ ಮೇಷ್ಟ್ರಾಗಿ ಹೋಗುತ್ತಿದ್ದ. ಡೆಟ್ರಾಯಿಟ್ ಹತ್ತಿರದ ನಾರ್ತ್‌ವಿಲ್‌ನ ನಮ್ಮ ಬಡಾವಣೆಯಲ್ಲಿ, ನಮ್ಮಿಂದ ಎರಡು ಮನೆ ಆಚೆ ಅವನ ಅಕ್ಕನ ಮನೆ. ಅದರ ಬೇಸ್‌ಮೆಂಟಿನಲ್ಲಿ ಇವನ ವಾಸ. ಅವನನ್ನು ನಮ್ಮ ಮನೆಗೆ ಸೇರಿಸಿದ್ದು ಅಮ್ಮ.

ಅಮ್ಮ ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಥ್ರೋಬಾಲ್ ತಂಡಗಳನ್ನು ತಯಾರು ಮಾಡುತ್ತಿದ್ದಳು. ರಿಟೈರಾಗಿ ನಮ್ಮ ಜೊತೆಗಿರಲು ಬಂದ ಮೇಲೂ ಬೆಳಗಿನ ವಾಕಿಂಗ್‌ನಲ್ಲಿ ಕಣ್ಣಿಗೆ ಬಿದ್ದವರ ನಡಿಗೆ ತಿದ್ದುವ ಚಾಳಿ ಹೋಗಿರಲಿಲ್ಲ. ಒಂದು ದಿನ ಅವನು ಹಿತ್ತಿಲಿನಲ್ಲಿ ಹಗ್ಗದ ಬಲೆ ಕಟ್ಟಿಕೊಂಡು ಚೆಂಡು ಎಸೆಯುತ್ತಿದ್ದುದನ್ನು ನೋಡಿದ್ದಾಳೆ. ಇಲ್ಲಿನ ಹಿತ್ತಿಲುಗಳಿಗೆ ಕಾಂಪೌಂಡ್ ಗೋಡೆಯಿಲ್ಲ. ಗೋಡೆಯಿಲ್ಲದ್ದು ಅಮ್ಮನ ಲೆಕ್ಕದಲ್ಲಿ ರಸ್ತೆಯೇ. ಸೀದಾ ಒಳಗೆ ಹೋಗಿ, ಎದುರಿಗೆ ನಿಂತು, ತನ್ನ ಮೊಣಕೈ ಎತ್ತಿ ತೋರಿಸಿ, ಅಪ್, ಅಪ್ ಎಂದಿದ್ದಾಳೆ.

ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರೋ. ಅವನು ಚೆಂಡನ್ನು ಅಮ್ಮನ ಕೈಗೆ ಕೊಟ್ಟು, ತೋರಿಸಿ ಎಂದನಂತೆ. ಅಮ್ಮ ಸ್ವೆಟರಿನ ತೋಳು ಮೇಲಕ್ಕೆ ಸರಿಸಿ ಎಸೆದಳಂತೆ. ಬಲೆಗೆ ಬಿತ್ತೋ ಇಲ್ಲವೋ ಇಬ್ಬರೂ ಹೇಳಲಿಲ್ಲ. ಆವತ್ತಿನಿಂದ ಅವನು ಅಮ್ಮನನ್ನು ‘ಕೋಚ್’ ಎಂದು ಕರೆಯತೊಡಗಿದ. ಬಾಯಿಮಾತಿಗಲ್ಲ. ಅಮ್ಮ ಒಳಗೆ ಬಂದರೆ ಕೂತಿದ್ದವನು ಎದ್ದು ನಿಲ್ಲುತ್ತಿದ್ದ. ನಮ್ಮ ಬಾಗಿಲಲ್ಲಿ ತನ್ನ ದೋಣಿಯಂಥ ಬೂಟುಗಳನ್ನು ಬಿಟ್ಟವನು ಬಗ್ಗಿ, ನಾವು ಅಡ್ಡಾದಿಡ್ಡಿ ಎಸೆದ ಚಪ್ಪಲಿಗಳನ್ನೂ ಜೋಡಿ ಮಾಡಿ ಇಡುತ್ತಿದ್ದ. ಮೊಸರನ್ನದ ಜೊತೆ ಮಾವಿನ ಮಿಡಿ ನಂಚಿಕೊಳ್ಳಲು ಕಲಿತು, ಮಿಡಿಯ ಓಟೆಯನ್ನು ಬಾಯಲ್ಲಿಟ್ಟುಕೊಂಡೇ ಮಾತಾಡುತ್ತಿದ್ದ. ಅಮ್ಮ ಅವನಿಗೆ ಕನ್ನಡದಲ್ಲೇ ಬೈಯುತ್ತಿದ್ದಳು, ಅವನು ಇಂಗ್ಲಿಷಿನಲ್ಲಿ ಒಪ್ಪಿಕೊಳ್ಳುತ್ತಿದ್ದ. ನಡುವೆ ದುಭಾಷಿಯ ಕೆಲಸ ನನ್ನದು. ಆದರೆ ಅಮ್ಮನಿಗೆ ಇಂಗ್ಲಿಷ್ ಬಾರದೆಂದಲ್ಲ. ಮೂವತ್ತು ಚಿಲ್ಲರೆ ವರ್ಷ ಸ್ಟಾಫ್‌ರೂಮಿನಲ್ಲಿ ಇಂಗ್ಲಿಷ್ ಪೇಪರ್ ಓದಿದವಳು. ಇಲ್ಲಿಯವರ ಉಚ್ಚಾರಣೆಗೆ ಹೆದರಿ ಬಾಯಿ ಬಿಡುತ್ತಿರಲಿಲ್ಲ, ಅಷ್ಟೆ.

ತನ್ನ ತಂಡದ ಮ್ಯಾನೇಜ್‌ಮೆಂಟಿನ ಬಗ್ಗೆ ಅವನು ಮೊದಮೊದಲು ನಗುತ್ತಲೇ ಹೇಳುತ್ತಿದ್ದ. ತಂಡದ ಮಾಲೀಕ ಪಿಕಪ್ ಟ್ರಕ್ ಮಾರುವ ಶೋರೂಮುಗಳ ಧಣಿ. ಮ್ಯಾನೇಜರು ಆತನ ಅಳಿಯ. ಇವನ ಮುಂದಿನ ಸಾಲಿನಿಂದ ಇಬ್ಬರು ಗಟ್ಟಿ ಆಳುಗಳು ಬಿಟ್ಟುಹೋದಾಗ ಆ ಜಾಗಕ್ಕೆ ಸರಿಯಾದವರನ್ನು ತರಲಿಲ್ಲ. ಬದಲಿಗೆ ಆಟದ ಮಧ್ಯೆ ಪಟಾಕಿ ಹಾರಿಸುವ ಏರ್ಪಾಡು ಮಾಡಿದರು. ಪ್ರತಿ ಆಟದಲ್ಲೂ ಇವನು ನೆಲ ಕಚ್ಚುತ್ತಿದ್ದ, ಮೇಲೆ ಪಟಾಕಿ ಹಾರುತ್ತಿತ್ತು. ಇದನ್ನು ನಾನು ಕನ್ನಡಕ್ಕೆ ತಿರುಗಿಸಿದಾಗ ಅಮ್ಮ, "ಅಳಿಯನ ಕೈಗೆ ಕೊಟ್ಟಿದಾರೆ ಅಂದ್ಯಲ್ಲ, ಇನ್ನೇನು" ಎಂದಳು. ಪಕ್ಕದಲ್ಲೇ ಕೂತಿದ್ದ ನನ್ನ ಗಂಡ ಕೆಮ್ಮಿದರು.

ಒಮ್ಮೆ ಸ್ಥಳೀಯ ರೇಡಿಯೋದವರು ಕೇಳಿದಾಗ ಅವನು, ನನಗೆ ಮೇಲೆ ಬೆಳಕು ಬೇಡ, ಮುಂದೆ ಇಬ್ಬರು ಜನ ಬೇಕು ಎಂದುಬಿಟ್ಟ. ಅಲ್ಲಿಂದ ನಗು ಹೋಯಿತು. ಹೆದ್ದಾರಿಯ ಪಕ್ಕದ ದೊಡ್ಡ ಬೋರ್ಡಿನಲ್ಲಿದ್ದ ಅವನ ಚಿತ್ರ ಇಳಿಯಿತು. ಮ್ಯಾನೇಜರು ಅವನ ಜೊತೆ ನೇರ ಮಾತು ಬಿಟ್ಟು ಬೇರೆಯವರ ಕೈಲಿ ಹೇಳಿ ಕಳಿಸತೊಡಗಿದ. ಒಹಾಯೋದಿಂದ ಒಬ್ಬ ಎಳೆಯ ಎಸೆಗಾರನನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿಕೊಂಡ. ಪ್ರೇಕ್ಷಕರು ಬರುತ್ತಿದ್ದುದು ಇವನನ್ನು ನೋಡಲಿಕ್ಕಾದ್ದರಿಂದ ತೆಗೆದುಹಾಕುವ ಹಾಗೂ ಇರಲಿಲ್ಲ. ಒಂದು ಕಾರಣಕ್ಕಾಗಿ ಕಾಯುತ್ತಿದ್ದಾರೆ ಎಂದು ಅವನು ಹೇಳುತ್ತಿದ್ದ.

ಆ ಕಾರಣ ಅವನ ಭುಜದಲ್ಲಿತ್ತು. ನಮಗದು ಗೊತ್ತಾದದ್ದು ಯುಗಾದಿಯ ದಿನ. ಅಮ್ಮ ದೇವರ ಮುಂದಿನಿಂದ ಬೇವು ಬೆಲ್ಲ ತಂದು ಎಲ್ಲರಿಗೂ ಕೊಡುತ್ತಿದ್ದಳು. ಅವನು ಎಡಗೈ ಚಾಚಿದ. ಅಮ್ಮನಿಗೆ ಪ್ರಸಾದಕ್ಕೆ ಎಡಗೈ ಒಡ್ಡುವುದನ್ನು ನೋಡಲಾಗದು. ಬಲಗೈ ಎಂದು ಗದರಿದಳು. ಅವನು ಏನೋ ತಮಾಷೆ ಮಾಡಿ ಮತ್ತೆ ಎಡಗೈಯನ್ನೇ ಮುಂದೆ ಮಾಡಿದ. ಅಮ್ಮ ಬಟ್ಟಲು ಹಿಂದಕ್ಕೆ ಎಳೆದುಕೊಂಡು ಕಾದಳು. ಆಗ ಅವನು ಎಡಗೈಯಿಂದ ಬಲಮೊಣಕೈಯನ್ನು ಹಿಡಿದು ಎತ್ತಿ, ಅಂಗೈ ಮುಂದೆ ತಂದ. ಮುಖ ಬಿಳಿಚಿಕೊಂಡಿತ್ತು. ಅಮ್ಮ ಬೇವು ಬೆಲ್ಲವನ್ನು ತಾನೇ ಅವನ ಬಾಯಿಗೆ ಹಾಕಿದಳು. ಆಮೇಲೆ ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಅವನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಶಾಖ ಕೊಟ್ಟಳು. ಡಾಕ್ಟರ ಹತ್ತಿರ ಹೋಗು ಎಂದು ಬೈದಳು. ಹೋಗುತ್ತೇನೆ, ಆದರೆ ಈಗಲ್ಲ ಎಂದ.

ಈಗೇಕಲ್ಲ ಎಂದರೆ, ಜೂನ್‌ನಲ್ಲಿ ಚಿಕಾಗೋದ ಹತ್ತಿರ ಮೇಲಿನ ದರ್ಜೆಯ ಲೀಗಿನವರು ಆಟಗಾರರನ್ನು ಆರಿಸುವವರಿದ್ದರು. ಅವನಿಗೂ ಕರೆ ಬಂದಿತ್ತು. ಅವನ ವಯಸ್ಸಿಗೆ ಅದು ಕಡೆಯ ಕರೆ. ಅಲ್ಲಿಯವರೆಗೆ ಭುಜದ ವಿಷಯ ಹೊರಗೆ ಬಂದರೆ ಇಲ್ಲಿ ಬೆಂಚಿನ ಹುಡುಗ ಎದ್ದು ಆಡುತ್ತಾನೆ, ಅಲ್ಲಿ ಬಾಗಿಲು ಮುಚ್ಚುತ್ತದೆ. ಇದು ಈ ಅಡುಗೆಮನೆಯಲ್ಲೇ ಇರಲಿ ಕೋಚ್, ಎಂದು ಕೇಳಿಕೊಂಡ. ನಾನು ಕನ್ನಡಕ್ಕೆ ಹೇಳುವ ಮೊದಲೇ ಅಮ್ಮ ತಲೆಯಾಡಿಸಿದಳು. ಅಲ್ಲಿಂದ ಮುಂದೆ ಸೋಮವಾರದ ಸಂಜೆಗಳು ಉಪ್ಪಿನ ಶಾಖದ ಸಂಜೆಗಳಾದವು.

ಇನ್ನು ನಮ್ಮ ಜನರ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಇಲ್ಲಿ ನಾವು ಕನ್ನಡವನ್ನು ಬಾಗಿಲು ಹಾಕಿದ ಕೋಣೆಯ ಹಾಗೆ ಬಳಸುತ್ತೇವೆ. ಅಂಗಡಿಯ ಕ್ಯೂನಲ್ಲಿ ಮುಂದೆ ನಿಂತವರ ಬಟ್ಟೆಯ ಬಗ್ಗೆ, ಲಿಫ್ಟಿನಲ್ಲಿ ಪಕ್ಕದವರ ಮೈಯ ಬಗ್ಗೆ, ಅವರ ಮುಖದೆದುರೇ ಆರಾಮವಾಗಿ ಮಾತಾಡುತ್ತೇವೆ. ಅವನೆದುರಿಗೂ ಅವನ ಬಗ್ಗೆ ಆಡಿದ್ದಿದೆ. ಕನ್ನಡದಲ್ಲಿ ಆಡಿದ್ದು ಮನೆಯಲ್ಲೇ ಆಡಿದ ಹಾಗೆ ಎಂದು ನಮಗೆಲ್ಲ ಗಟ್ಟಿ ನಂಬಿಕೆ.

ಹಬ್ಬ ಕಳೆದು ಕೆಲವು ವಾರಕ್ಕೆ ಇಟ್ಟುಕೊಂಡಿದ್ದ ಯುಗಾದಿ ಕಾರ್ಯಕ್ರಮಕ್ಕೆ ನಮ್ಮ ಕನ್ನಡ ಕೂಟದವರು ಅವನನ್ನು ಮುಖ್ಯ ಅತಿಥಿಯಾಗಿ ಕರೆದರು. ಹಾಗೆಂದು ಸೂಚಿಸಿದವರು ಆಗ ಕೂಟದ ಕಾರ್ಯದರ್ಶಿಯಾಗಿದ್ದ ನನ್ನ ಗಂಡ. ಹೈಸ್ಕೂಲೊಂದರ ಆಡಿಟೋರಿಯಂ ತುಂಬಿತ್ತು. ಅವನಿಗೆ ಮೈಸೂರು ಪೇಟ ತೊಡಿಸಿ, ಹಾರ ಹಾಕಿ, ಶಾಲು ಹೊದಿಸಿದರು. ಶಾಲು ಹೊದಿಸುವವರಿಗೆ ಭುಜ ಸಿಗಲೆಂದು ಅವನು ಮಂಡಿಯೂರಿದಾಗ ಜನ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ವಿನಯವೂ ಇತ್ತು, ನೋವೂ ಇತ್ತು. ಅಷ್ಟರಲ್ಲಿ ಅಧ್ಯಕ್ಷರು, ಅತಿಥಿಗಳನ್ನು ಹತ್ತಿರದಿಂದ ಬಲ್ಲ ಹಿರಿಯರು ಎರಡು ಮಾತಾಡಲಿ ಎಂದು ಅಮ್ಮನನ್ನು ವೇದಿಕೆಗೆ ಕರೆದರು. ಅಮ್ಮ ನನ್ನ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಮಾತಾಡಬೇಕಾ ಎಂದು ಕೇಳಿದಳು. ಕನ್ನಡದಲ್ಲೇ ಆಡು, ಏನಾಗತ್ತೆ ಎಂದೆ.

ಸನ್ಮಾನವೆಂದರೆ ನಮ್ಮಲ್ಲಿ ಆ ಮನುಷ್ಯ ಪಟ್ಟ ಕಷ್ಟವನ್ನು ಹೇಳಲೇಬೇಕು. ಕಷ್ಟ ಹೇಳದ ಹೊಗಳಿಕೆ ಸಪ್ಪೆ. ಅಮ್ಮ ಮೈಕಿನ ಮುಂದೆ ನಿಂತು, "ಎಲ್ಲಾ ನಮ್ಮೋರೇ ಇದೀರಿ ಅಂತ ಹೇಳ್ತೀನಿ" ಎಂದು ಶುರು ಮಾಡಿದಳು. "ಈ ಹುಡುಗ ಬಲಗೈ ಎತ್ತಕ್ಕಾಗದೆ ಒದ್ದಾಡ್ತಾನೆ. ಸೋಮವಾರ ಸೋಮವಾರ ನನ್ನ ಹತ್ರ ಉಪ್ಪಿನ ಶಾಖ ತಗೋತಾನೆ. ಟೀಮ್ ನಡೆಸೋ ಮಾವ ಅಳಿಯಂಗೆ ಪಟಾಕಿ ಮೇಲಿರೋ ಗಮನ ಇವನ ಭುಜದ ಮೇಲಿಲ್ಲ. ಅಷ್ಟು ನೋವಲ್ಲೂ ಆಡ್ತಾನಲ್ಲ, ಅದಕ್ಕೇ ಈ ಶಾಲು." ಸಭೆ ಎದ್ದು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಒಂದು ಅಕ್ಷರವೂ ಅರ್ಥವಾಗದೆ, ಕೋಚ್ ತನ್ನನ್ನು ಹೊಗಳುತ್ತಿದ್ದಾರೆಂದು ತಿಳಿದು, ಪೇಟದ ಕೆಳಗೆ ಕಿವಿ ಕೆಂಪಗಾಗಿಸಿಕೊಂಡು ಅವನೂ ಎಡಗೈಯಿಂದ ತೊಡೆ ತಟ್ಟುತ್ತಿದ್ದ. ಆ ಮುಖ ನೆನೆಸಿಕೊಂಡರೆ ನನಗೆ ಈಗಲೂ ಮೈ ಹಿಡಿಯಾಗುತ್ತದೆ.

ನಮ್ಮ ಮಕ್ಕಳಿಗೆ ಕನ್ನಡ ಪೂರ್ತಿ ತಿಳಿಯದು. ಅದಕ್ಕಾಗಿ ಕೂಟದ ಯುವಕರ ಗುಂಪು ಭಾಷಣಗಳ ವಿಡಿಯೋಗಳಿಗೆಲ್ಲ ಇಂಗ್ಲಿಷಿನಲ್ಲಿ ಅಡಿಬರಹ ಹಾಕಿ ಇಂಟರ್ನೆಟ್ಟಿಗೆ ಏರಿಸುತ್ತಿತ್ತು. ಒಳ್ಳೆಯ ಕೆಲಸವೆಂದು ನಾವೇ ಬೆನ್ನು ತಟ್ಟಿದ್ದೆವು. ಅಜ್ಜಿಯ ಭಾಷಣಕ್ಕೆ ಅಡಿಬರಹ ಬರೆದವಳು ನನ್ನ ಮಗಳು. ಗುಟ್ಟಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಅಜ್ಜಿಯ ಒಂದು ಮಾತೂ ಬಿಟ್ಟುಹೋಗಬಾರದೆಂದು ಡಿಕ್ಷನರಿ ನೋಡಿ ಬರೆದಳು. ಪೇಟ ತೊಟ್ಟ ಕ್ವಾರ್ಟರ್‌ಬ್ಯಾಕ್ ಎಂದು ಮೊದಲು ತಮಾಷೆಗೆ ನೋಡಿದ ಅಭಿಮಾನಿಗಳು ಆಮೇಲೆ ಕೆಳಗಿನ ಸಾಲುಗಳನ್ನು ಓದಿದರು. ರೇಡಿಯೋದವರೂ ಓದಿದರು, ಗಟ್ಟಿಯಾಗಿ.

ಅದರ ಮಾರನೆಯ ದಿನ ತಂಡದ ಮ್ಯಾನೇಜರು ನಮ್ಮ ಮನೆಗೆ ಫೋನ್ ಮಾಡಿದ. ಗಂಡ ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟರು. ಮೇಜಿನ ಆ ತುದಿಯಲ್ಲಿ ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಮ್ಯಾನೇಜರ ದನಿ ಜೇನಿನ ಹಾಗಿತ್ತು. ಗಾಯಗೊಂಡವನನ್ನು ಆಡಿಸಿದ್ದಾರೆಂದು ಲೀಗಿನವರು ಮ್ಯಾನೇಜರನ್ನೇ ಪ್ರಶ್ನಿಸುತ್ತಿದ್ದರು. ಆದ್ದರಿಂದ ಗಾಯವೇ ಇಲ್ಲವೆಂದಾದರೆ ತನಗೂ ಕ್ಷೇಮ, ಆಟಗಾರನಿಗೂ ಕ್ಷೇಮ. ನಿಮ್ಮ ಮನೆಯ ಹಿರಿಯರಿಗೆ ಏನೋ ಗೊಂದಲವಾಗಿರಬಹುದಲ್ಲವೇ ಎಂದು ಕೇಳಿದ.

ನನ್ನ ಗಂಡ, ಹೌದು, ಅತ್ತೆಗೆ ವಯಸ್ಸಾಗಿದೆ, ಈಚೆಗೆ ಮರೆವು ಎಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಮುಂದುವರಿಸಿದವಳು ನಾನು. ಅಮ್ಮನಿಗೆ ಜನರ ಗುರುತು ಕಲಸಿಹೋಗುತ್ತದೆ, ಹೆಸರುಗಳೂ ನೆನಪಿರುವುದಿಲ್ಲ, ಮೈಸೂರಿನ ಯಾವುದೋ ಹಳೆಯ ಹುಡುಗಿಯ ಭುಜದ ಕಥೆಯನ್ನು ಇವನದೆಂದು ಹೇಳಿಬಿಟ್ಟಿದ್ದಾಳೆ ಎಂದೆ. ಒಳ್ಳೆಯ ಇಂಗ್ಲಿಷಿನಲ್ಲಿ, ತಡವರಿಸದೆ ಹೇಳಿದೆ. ಅವನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದುಕೊಂಡಿದ್ದು ನಿಜ. ಆದರೆ ಕೂಟದಲ್ಲಿ, ಆಫೀಸಿನಲ್ಲಿ ನಮ್ಮ ಮನೆಯ ಮಾತಾಗುತ್ತಿದೆಯೆಂಬ ಮುಜುಗರದಿಂದ ಪಾರಾಗುವ ಆತುರವೂ ಅದರಲ್ಲಿತ್ತು. ಎಷ್ಟು ಪಾಲು ಯಾವುದು ಎಂದು ನಾನು ಇವತ್ತಿನವರೆಗೂ ಬಿಡಿಸಿ ನೋಡಲು ಹೋಗಿಲ್ಲ.

ಫೋನ್ ಇಟ್ಟ ಮೇಲೆ ಅಮ್ಮ ನಾರನ್ನೆಲ್ಲ ಗುಡ್ಡೆ ಮಾಡಿ ಕಸಕ್ಕೆ ಹಾಕಿ ಬಂದಳು.

"ಹೀಗಂದ್ರೆ ಅವನಿಗೆ ಒಳ್ಳೇದಾಗತ್ತಾ?" ಎಂದು ಕೇಳಿದಳು.

ಆಗತ್ತೆ ಎಂದೆ.

"ಹಾಗಿದ್ರೆ ಸರಿ" ಎಂದು ಒಲೆ ಹಚ್ಚಿದಳು. ವಿಡಿಯೋದ ಸುದ್ದಿ ಹರಡಿದಾಗಿನಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಆ ದಿನ ಮಾಡಿದಳು.

ಇನ್ನು ಅವನು ಹೂಂ ಎಂದರೆ ಮುಗಿಯುತ್ತಿತ್ತು. ಮುಂದಿನ ಆಟದ ನಂತರ ರೇಡಿಯೋದವರ ಎದುರು ನಿಂತು, ಪಾಪ, ವಯಸ್ಸಾದ ನೆರೆಯವರು, ಏನೋ ಗೊಂದಲ ಮಾಡಿಕೊಂಡರು ಎಂದು ಹೇಳಬೇಕಿತ್ತು. ಪಕ್ಕದಲ್ಲಿ ಮ್ಯಾನೇಜರು ನಿಂತಿದ್ದ. ನಾವು ಮನೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆವು. ಪ್ರಶ್ನೆ ಬಂತು. ಅವನು, ಆಕೆಗೆ ಯಾವ ಗೊಂದಲವೂ ಇಲ್ಲ, ನನ್ನ ಭುಜ ಹಾಳಾಗಿದೆ, ಈ ಊರಿನಲ್ಲಿ ಅದನ್ನು ಗಮನಿಸಿದ ಕೋಚ್ ಅವರೊಬ್ಬರೇ ಎಂದ. ಅಮ್ಮ ಕುರ್ಚಿಯಲ್ಲಿ ಕೂತಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನನ್ನ ಗಂಡ ರೇಡಿಯೋ ಆರಿಸಿದರು.

ಆ ವಾರವೇ ತಂಡ ಅವನನ್ನು ಬಿಟ್ಟಿತು. ಅವರು ಕಾಯುತ್ತಿದ್ದ ಕಾರಣ ಸಿಕ್ಕಿತ್ತು. ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಭುಜದೊಳಗೆ ಸ್ನಾಯು ಹರಿದಿರುವುದು ಕಂಡು, ಜೂನ್‌ನ ಆಯ್ಕೆಗೆ ಬರುವುದು ಬೇಡವೆಂದು ಚಿಕಾಗೋದಿಂದಲೂ ಹೇಳಿದರು. ಕೂಟದವರು ವಿಡಿಯೋ ತೆಗೆದರು, ಅಷ್ಟರಲ್ಲಿ ಅದು ಎಲ್ಲೆಲ್ಲೋ ಹರಡಿಯಾಗಿತ್ತು. ಮುಂದಿನ ಸಲದಿಂದ ಕನ್ನಡದವರನ್ನೇ ಅತಿಥಿಯಾಗಿ ಕರೆಯೋಣ, ತಲೆನೋವು ಇರುವುದಿಲ್ಲ ಎಂದು ಅಧ್ಯಕ್ಷರು ಮೀಟಿಂಗಿನಲ್ಲಿ ಹೇಳಿದರಂತೆ. ಯಾರೂ ಅವನ ಮನೆಗೆ ಹೋಗಿ ಒಂದು ಮಾತು ಕೇಳಲಿಲ್ಲ. ಅವನ ಅಕ್ಕ ವಾಕಿಂಗ್‌ನಲ್ಲಿ ಎದುರಾದರೆ ನಾನು ಫೋನ್ ಕಿವಿಗಿಟ್ಟುಕೊಳ್ಳುತ್ತಿದ್ದೆ.

ಆಗಸ್ಟಿನಲ್ಲಿ, ಇಲ್ಲಿನ ಬೇಸಿಗೆಯ ಕೊನೆಗೆ, ಅವನು ಊರು ಬಿಡುವ ಮುಂಚೆ ನಮ್ಮ ಮನೆಗೆ ಬಂದ. ಆಪರೇಷನ್ ಆಗಿತ್ತು. ಬಲಗೈ ಪಟ್ಟಿಯಲ್ಲಿತ್ತು. ಚಿಕಾಗೋದ ಕಡೆ ಗೆಳೆಯನೊಬ್ಬ ಶಾಲೆಯಲ್ಲಿ ಕೆಲಸ ನೋಡಿದ್ದಾನೆ ಎಂದ. ಅಮ್ಮ ಬಾಗಿಲಿಗೆ ಬಂದು, ಅವನ ಪಟ್ಟಿ ಮುಟ್ಟಿ, ಕನ್ನಡದಲ್ಲಿ ತಪ್ಪಾಯಿತು ಎಂದಳು. ನಾನು ತಿರುಗಿಸಿ ಹೇಳಿದೆ. ಭುಜ ಹಾಳಾದದ್ದು ನಿಮ್ಮ ಮಾತಿನಿಂದಲ್ಲ ಕೋಚ್, ನಾನು ಮೊದಲೇ ಡಾಕ್ಟರ ಹತ್ತಿರ ಹೋಗಬೇಕಿತ್ತು ಎಂದ. ಆಮೇಲೆ ನನ್ನ ಕಡೆ ತಿರುಗಿದ.

ಮ್ಯಾನೇಜರು ಅವನ ಮನಸ್ಸು ತಿರುಗಿಸಲು ಆವತ್ತು ರೇಡಿಯೋದವರ ಎದುರು ನಿಲ್ಲುವವರೆಗೂ ನೋಡಿದನಂತೆ. ಆಕೆಗೆ ತಲೆ ಸರಿಯಿಲ್ಲವೆಂದು ಆಕೆಯ ಸ್ವಂತ ಮಗಳೇ ಫೋನಿನಲ್ಲಿ ಹೇಳಿದ್ದಾಳೆ, ನಿನಗೇನು ಕಷ್ಟ ಎಂದನಂತೆ. "ಆವಾಗಲೇ ನಾನು ನಿರ್ಧಾರ ಮಾಡಿದ್ದು," ಎಂದ. "ಅವನು ಇಷ್ಟು ದಿನ ಹೇಳಿದ ಸುಳ್ಳೆಲ್ಲ ಒಂದು ತೂಕ, ಇದೊಂದು ತೂಕ. ತಾಯಿಯ ಬಗ್ಗೆ ಮಗಳ ಬಾಯಲ್ಲಿ ಇಂಥದ್ದನ್ನ ಹಾಕೋ ಮನುಷ್ಯನ ಜೊತೆ ನಾನು ಇನ್ನೊಂದು ದಿನ ಇರಬಾರದು ಅನ್ನಿಸ್ತು. ನೀವು ಹಾಗೆ ಹೇಳಿರಲಿಲ್ಲ, ಅಲ್ಲವಾ?"

ಹೇಳಬೇಕೆಂದುಕೊಂಡೆ. ದೇವರಾಣೆಗೂ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅಮ್ಮ ನನ್ನ ಮುಂದೆ ಬಂದು ನಿಂತಳು. ಅವನೊಡನೆ ಅಪ್, ಡೌನ್ ಎಂಬುದರಾಚೆ ಎಂದೂ ಇಂಗ್ಲಿಷ್ ಆಡಿರದ ಅಮ್ಮ, ಕ್ಲಾಸಿನಲ್ಲಿ ಪಾಠ ಒಪ್ಪಿಸುವವಳ ಹಾಗೆ ಒಂದೊಂದೇ ಪದವನ್ನು ಬಿಡಿಸಿ ಹೇಳಿದಳು.

"ಮೈ ಡಾಟರ್ ವಿಲ್ ನಾಟ್ ಸೇ ಲೈಕ್ ದಟ್."

ನನಗೆ ಗೊತ್ತಿತ್ತು ಕೋಚ್, ಎಂದ ಅವನು. ಮುಖದಲ್ಲಿ ಎಂಥದೋ ನಿರಾಳವಿತ್ತು. ಅಮ್ಮ ನನ್ನ ಮುಖ ನೋಡದೆ, ಗಾಡಿಯ ತನಕ ಹೋಗಿ ಕಳಿಸಿ ಬಾ ಎಂದಳು. ಹೋದೆ. ಡ್ರೈವ್‌ವೇ ಉದ್ದಕ್ಕೂ ಅವನು ನನಗೆ ಥ್ಯಾಂಕ್ಸ್ ಹೇಳುತ್ತಲೇ ಇದ್ದ.